ಮಕ್ಕಳಿಗೆ ದುಡ್ಡು ಎಣಿಸಲು ಕಲಿಸುವುದು: ಬಿಲ್ಲೆಯೋ, ನೋಟೋ, ಆಟದ ದುಡ್ಡೋ?

ನನ್ನ ಮಗ ಐದು ವರ್ಷದವನಿದ್ದಾಗ ಒಂದು ವ್ಯಾಪಾರ ಮಾಡಿಕೊಂಡು ಬಂದ. ಅಜ್ಜಿ ಕೊಟ್ಟಿದ್ದ ಹತ್ತು ರೂಪಾಯಿ ನೋಟನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟು, ಅವಳ ಹತ್ತಿರ ಇದ್ದ ಮೂರು ಒಂದು ರೂಪಾಯಿ ಬಿಲ್ಲೆ ತಂದಿದ್ದ. ಮುಖದ ತುಂಬಾ ಗೆದ್ದ ಖುಷಿ. "ನಾನು ಒಂದೇ ಕೊಟ್ಟೆ, ಅವಳು ಮೂರು ಕೊಟ್ಟಳು" ಅಂದ. ಒಂದಕ್ಕಿಂತ ಮೂರು ಜಾಸ್ತಿ, ಅಲ್ವಾ? ಅವನಿಗೆ ಆಗಲೇ ನೂರರ ತನಕ ಬಾಯಿಪಾಠ ಬರುತ್ತಿತ್ತು. ನೋಟು ತೋರಿಸಿದರೆ "ಇದು ಹತ್ತು" ಅಂತ ಥಟ್ಟನೆ ಹೇಳುತ್ತಿದ್ದ. ಆದರೂ ಮೋಸ ಹೋಗಿದ್ದ, ಅದೂ ನಗುನಗುತ್ತಾ.

ದುಡ್ಡಿನ ಗುರುತು ಹಿಡಿಯುವುದು ಮಕ್ಕಳಿಗೆ ಕಷ್ಟವೇ ಅಲ್ಲ. ಒಂದು, ಎರಡು ಅಂತ ಎಣಿಸುವುದೂ ಬರುತ್ತದೆ. ಒಂದೇ ಒಂದು ತುಂಡು ಹತ್ತು ತುಂಡಿಗೆ ಸಮ ಅನ್ನುವುದಿದೆಯಲ್ಲ, ಅಲ್ಲೇ ಎಡವುವುದು. ಹಾಗಾಗಿ ಕೆಳಗೆ ಏನನ್ನೇ ಹೋಲಿಸಿದರೂ ಇದೇ ತಕ್ಕಡಿಯಲ್ಲಿ ತೂಗಿದ್ದೇನೆ. ಇಬ್ಬರು ಮಕ್ಕಳ ಮೇಲೆ ಪ್ರಯೋಗ ಮಾಡಿ ಆಗಿದೆ. ಮಗಳಿಗೆ ಈಗ ಎಂಟು, ಮಗನಿಗೆ ಆರು.

ಮೊದಲು ಬಿಲ್ಲೆಯೋ, ನೋಟೋ?

ನೋಟಿನ ಪರ ಮಾತಾಡುವವರು ಬಣ್ಣ ತೋರಿಸುತ್ತಾರೆ. ನಿಜ, 2016ರಿಂದ ಈಚೆಗೆ ಬಂದ ನೋಟುಗಳ ಬಣ್ಣ ಚೆನ್ನಾಗಿ ಬೇರೆ ಬೇರೆ ಇದೆ. ಹತ್ತು ಚಾಕೊಲೇಟ್ ಬಣ್ಣ, ಇಪ್ಪತ್ತು ಹಸಿರು ಬೆರೆತ ಹಳದಿ, ಐವತ್ತು ಹೊಳೆಯುವ ನೀಲಿ, ನೂರು ತಿಳಿ ನೇರಳೆ, ಇನ್ನೂರು ಗಾಢ ಹಳದಿ, ಐನೂರು ಕಲ್ಲಿನ ಬೂದು. ಉದ್ದವೂ ಮೆಟ್ಟಿಲಿನ ಹಾಗೆ ಏರುತ್ತದೆ. ಹತ್ತರ ನೋಟು 123 ಮಿಲಿಮೀಟರ್, ಐನೂರರದ್ದು 150. ಎಡಗಡೆ ಅಂಚು ಸೇರಿಸಿ ಒಂದರ ಮೇಲೊಂದು ಇಟ್ಟರೆ ಮಕ್ಕಳಿಗೆ ಆ ಮೆಟ್ಟಿಲು ತಾನಾಗಿ ಕಾಣುತ್ತದೆ. ಐವತ್ತರ ಹಿಂದೆ ಹಂಪಿಯ ಕಲ್ಲಿನ ರಥ ಇದೆ. ನಮ್ಮ ಕಡೆಯ ಮಕ್ಕಳು ಹಂಪಿ ನೋಡಿಕೊಂಡು ಬಂದಿದ್ದರೆ ಆ ನೋಟನ್ನು ಮರೆಯುವುದೇ ಇಲ್ಲ. ಓದಲು ಬರುವ ಮಕ್ಕಳಿಗೆ ಇನ್ನೊಂದು ಆಟ ಇದೆ. ನೋಟಿನ ಹಿಂದೆ ಹದಿನೈದು ಭಾಷೆಯ ಪಟ್ಟಿ ಇರುತ್ತದಲ್ಲ, ಅದರಲ್ಲಿ ಮೇಲಿನಿಂದ ನಾಲ್ಕನೆಯದು ಕನ್ನಡ. ಹುಡುಕಿ ಓದು ಅಂದರೆ ಹತ್ತು ನಿಮಿಷ ಮನೆ ತಣ್ಣಗಿರುತ್ತದೆ.

ಆದರೆ ಬಣ್ಣವನ್ನೇ ನಂಬಿದರೆ ಒಂದು ಪೇಚು. ಹಳೆಯ ಸಾಲಿನ ಗಾಂಧಿ ನೋಟುಗಳು ಇನ್ನೂ ಅಲ್ಲಲ್ಲಿ ಕೈಗೆ ಬರುತ್ತವೆ, ಅವೂ ನಡೆಯುತ್ತವೆ. ಆ ಸಾಲಿನಲ್ಲಿ ಐವತ್ತು ನೇರಳೆ, ನೂರು ನೀಲಿ-ಹಸಿರು. ಈಗ ಹೊಸ ನೂರು ನೇರಳೆ, ಹೊಸ ಐವತ್ತು ನೀಲಿ. "ನೇರಳೆ ಅಂದರೆ ನೂರು" ಅಂತ ಕಲಿಸಿದ ಮಗುವಿನ ಕೈಗೆ ಹಳೆಯ ಐವತ್ತು ಬಂದರೆ ಮುಗಿಯಿತು. ಅದಕ್ಕೆ ಮೊದಲ ದಿನದಿಂದಲೇ ಮೂಲೆಯ ಅಂಕಿ ನೋಡಲು ಹೇಳಿಕೊಡಿ. ಬಣ್ಣ ಬರೀ ಸುಳಿವು.

ಬಿಲ್ಲೆಗಳ ಕಥೆ ಇನ್ನೂ ಚೆಂದ. ದೊಡ್ಡದಾದಷ್ಟೂ ಬೆಲೆ ಜಾಸ್ತಿ ಅಂತ ಮಕ್ಕಳು ತಾವೇ ಊಹಿಸಿಕೊಳ್ಳುತ್ತಾರೆ. 2011ರ ಸಾಲಿನಲ್ಲಿ ಎರಡು ರೂಪಾಯಿ ಬಿಲ್ಲೆ 25 ಮಿಲಿಮೀಟರ್ ಅಗಲ, ಐದು ರೂಪಾಯಿಯದ್ದು 23. ಅಂದರೆ ಐದಕ್ಕಿಂತ ಎರಡೇ ದೊಡ್ಡದು! 2019ರಲ್ಲಿ ಬಂದ ಸಾಲಿನಲ್ಲಿ ಇದು ತಿರುವುಮುರುವಾಗಿ ಎರಡು 23, ಐದು 25 ಆಯಿತು. ಕಣ್ಣು ಕಾಣದವರೂ ಮುಟ್ಟಿ ಗುರುತಿಸಲಿ ಅಂತ ಬೆಲೆ ಏರಿದ ಹಾಗೆ ಗಾತ್ರ, ತೂಕ ಏರುವಂತೆ ಮಾಡಿದ ಸಾಲು ಅದು. ಒಳ್ಳೆಯದೇ. ಆದರೆ ಎರಡೂ ಸಾಲು ಒಟ್ಟಿಗೆ ಓಡಾಡುತ್ತಿವೆ. ನಿಮ್ಮ ಮನೆಯ ಚಿಲ್ಲರೆ ಡಬ್ಬಿ ಸುರಿದರೆ ಎರಡೂ ಸಿಗುತ್ತವೆ. ಇವೆರಡು ಸಾಲಿನಲ್ಲೂ ಐದು ಹಿತ್ತಾಳೆ ಬಣ್ಣದ್ದು, ಎರಡು ಬಿಳಿ. ಅಷ್ಟು ಹೇಳಿಕೊಟ್ಟರೆ ಸದ್ಯಕ್ಕೆ ಸಾಕು. ತೀರಾ ಹಳೆಯ ಬಿಳಿ ಐದು ಸಿಕ್ಕರೆ ಪಕ್ಕಕ್ಕಿಡಿ. ಹತ್ತು, ಇಪ್ಪತ್ತು ಎರಡೂ 27 ಮಿಲಿಮೀಟರ್, ಎರಡೂ ಎರಡು ಲೋಹದವು. ಹತ್ತರ ಬಿಲ್ಲೆಗೆ ಹಳದಿ ಬಳೆ, ಒಳಗೆ ಬಿಳಿ. ಇಪ್ಪತ್ತರದ್ದು ಅದಕ್ಕೆ ಉಲ್ಟಾ, ಮತ್ತೆ ಹನ್ನೆರಡು ಮೂಲೆ. ಆ ಮೂಲೆಗಳನ್ನು ಎಣಿಸಲು ಕೊಡಿ, ಬೇಡ ಅನ್ನುವ ಮಗು ಇಲ್ಲ.

ನನ್ನ ತೀರ್ಪು: ಮೊದಲ ಒಂದು ತಿಂಗಳು ಎರಡೇ ಸಾಕು. ಒಂದು ರೂಪಾಯಿ ಬಿಲ್ಲೆ ಮತ್ತು ಹತ್ತರ ನೋಟು. ಹತ್ತು ಬಿಲ್ಲೆ ಕೂಡಿಸಿ ಕೊಟ್ಟರೆ ಒಂದು ನೋಟು ವಾಪಸ್. ಮತ್ತೆ ನೋಟು ಕೊಟ್ಟರೆ ಹತ್ತು ಬಿಲ್ಲೆ. ಶಾಲೆಯಲ್ಲಿ ಬಿಡಿ, ಹತ್ತು ಅಂತ ಮನೆ ಹಾಕಿ ಬರೆಸುತ್ತಾರಲ್ಲ, ಅದೇ ಲೆಕ್ಕ ಇದು. ಬಿಲ್ಲೆ, ನೋಟು ಎರಡು ಬೇರೆ ಬೇರೆ ವಸ್ತು ಆಗಿರುವುದರಿಂದ ಅದಲು ಬದಲು ಆಗಿದ್ದು ಕಣ್ಣಿಗೆ ಕಾಣುತ್ತದೆ. ಇದು ಗಟ್ಟಿಯಾದ ಮೇಲೆ ಐದು ತನ್ನಿ, ಕೈಯಲ್ಲಿ ಐದು ಬೆರಳಿವೆ, ಸಲೀಸು. ಎರಡು ಕೊನೆಗೆ. ಬಹಳ ಜನ ಒಂದು, ಎರಡು, ಐದು ಅಂತ ಪುಸ್ತಕದ ಕ್ರಮದಲ್ಲೇ ಹೋಗುತ್ತಾರೆ. ಎರಡರ ಬಿಲ್ಲೆಯನ್ನು ಮಗು ಒಂದು ಅಂತಲೇ ಎಣಿಸುತ್ತಾ ಹೋಗುವುದು ಇದರಿಂದಲೇ ಅಂತ ನನಗೆ ಅನ್ನಿಸುತ್ತದೆ.

ಐವತ್ತು ಪೈಸೆ ಬೇಡ. ಕಾನೂನಿನ ಪ್ರಕಾರ ಅದಿನ್ನೂ ನಡೆಯುತ್ತದೆ, ಅಂಗಡಿಯಲ್ಲಿ ನಡೆಯುವುದಿಲ್ಲ. ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಎಂಟಾಣೆ ಬದುಕಿದೆ. 1957ರಲ್ಲಿ ರೂಪಾಯಿಗೆ ನೂರು ಪೈಸೆ ಆಗುವ ಮೊದಲು ಹದಿನಾರು ಆಣೆ ಇತ್ತು ಅಂತ ನಮ್ಮತ್ತೆ ವಿವರಿಸುತ್ತಿದ್ದರೆ ನನ್ನ ಮಗ, "ಎಂಟು ಆನೆಗೆ ಬರೀ ಐವತ್ತು ಪೈಸೆನಾ?" ಅಂದ.

ನಿಜವಾದ ದುಡ್ಡೋ, ಆಟದ ದುಡ್ಡೋ, ಹುಣಸೆ ಬೀಜವೋ?

ನಮ್ಮ ದಾವಣಗೆರೆಯ ಮಂಡಿಪೇಟೆ ಕಡೆ ಹೋದರೆ ಆಟದ ನೋಟಿನ ಕಟ್ಟು ಸಿಗುತ್ತದೆ. ಅಗ್ಗ, ಹರಿದರೂ ಚಿಂತೆಯಿಲ್ಲ, ಹಂಚಿಕೊಂಡು ಆಡಬಹುದು. ಮೂರು ದೂರು ಇವೆ ನನ್ನವು. ಎಷ್ಟೋ ಕಟ್ಟುಗಳಲ್ಲಿ ಇನ್ನೂ ಸಾವಿರ, ಎರಡು ಸಾವಿರದ ನೋಟುಗಳೇ ತುಂಬಿರುತ್ತವೆ. ಹಳೆಯ ಸಾವಿರ 2016ರಲ್ಲೇ ರದ್ದಾಯಿತು, ಎರಡು ಸಾವಿರವನ್ನು 2023ರಲ್ಲಿ ಚಲಾವಣೆಯಿಂದ ಹಿಂದಕ್ಕೆ ತೆಗೆದರು. ಎರಡನೆಯದು, ಹತ್ತನ್ನೇ ಅರಿಯದ ಮಗು ಸಾವಿರಗಳನ್ನು ಚೆಲ್ಲಾಡುತ್ತದೆ. ಪ್ಲಾಸ್ಟಿಕ್ ಬಿಲ್ಲೆಗಳಂತೂ ಎಲ್ಲವೂ ಒಂದೇ ತೂಕ, ಕೈಗೆ ಏನೂ ಹೇಳುವುದಿಲ್ಲ. ಬಿಸಿನೆಸ್ ಆಟದ ಬೋರ್ಡು ಚೆನ್ನಾಗಿದೆ, ಆದರೆ ಅದು ಎಂಟು ದಾಟಿದವರಿಗೆ. ಮನೆಯಲ್ಲೇ ನೋಟನ್ನು ಕಲರ್ ಜೆರಾಕ್ಸ್ ಮಾಡಿಸುವ ಉಪಾಯ ಕೆಲವರು ಹೇಳುತ್ತಾರೆ. ಬೇಡ. ನೋಟನ್ನೇ ಹೋಲುವ ಕಾಗದ ಮಾಡುವುದು ಕಾನೂನಿಗೆ ವಿರುದ್ಧ.

ನಿಜವಾದ ಬಿಲ್ಲೆಗೆ ತೂಕ ಇದೆ, ಸದ್ದು ಇದೆ, ಕಳೆದರೆ ಹೊಟ್ಟೆ ಉರಿಯುತ್ತದೆ. ಮಗುವೂ ಅದನ್ನು ಬೇಗ ಅರಿಯುತ್ತದೆ. ಆದರೆ ಅದೊಂದೇ ಇದ್ದರೂ ನನ್ನ ಮಗನ ತೊಂದರೆ ತೀರಲಿಲ್ಲ. ಐದರ ಬಿಲ್ಲೆಯನ್ನು ಎಷ್ಟು ತಿರುಗಿಸಿ ನೋಡಿದರೂ ಅದರೊಳಗೆ ಐದು ಕಾಣುವುದಿಲ್ಲವಲ್ಲ!

ಕೊನೆಗೆ ಕೈ ಹಿಡಿದಿದ್ದು ಚೌಕಾಬಾರಕ್ಕೆ ಇಟ್ಟಿದ್ದ ಹುಣಸೆ ಬೀಜ. ಒಂದು ಬೀಜ ಅಂದರೆ ಒಂದು ರೂಪಾಯಿ. ಐದರ ಬಿಲ್ಲೆ ಇಟ್ಟು, ಅದರ ಮುಂದೆ ಐದು ಬೀಜ ಸಾಲಾಗಿ ಜೋಡಿಸುವುದು. ಎರಡರ ಮುಂದೆ ಎರಡು. ಹತ್ತರ ನೋಟಿನ ಮುಂದೆ ಹತ್ತು. ಆಮೇಲೆ "ಯಾವ ಸಾಲು ಉದ್ದ?" ಅಂತ ಕೇಳುವುದು. ಮೂರು ಒಂದರ ಬಿಲ್ಲೆ ಒಂದು ಕಡೆ, ಐದರ ಒಂದೇ ಬಿಲ್ಲೆ ಇನ್ನೊಂದು ಕಡೆ ಇಟ್ಟು ಬೀಜ ಜೋಡಿಸಿದ ದಿನ ಮಗ ಸುಮ್ನೆ ಕೂತು ನೋಡಿದ. ಆಮೇಲೆ ಎದ್ದು ಪಕ್ಕದ ಮನೆಗೆ ಹೊರಟ, ತನ್ನ ಹತ್ತು ರೂಪಾಯಿ ವಾಪಸ್ ಕೇಳಲು. ಆಗಲೇ ಎರಡು ವಾರ ಆಗಿತ್ತು, ಆ ಹುಡುಗಿ ಅದರಲ್ಲಿ ಮಿರ್ಚಿ ತಿಂದು ಮುಗಿಸಿದ್ದಳು.

ಹಾಗಾಗಿ ನನ್ನ ಆಯ್ಕೆ ಬೀಜ ಮತ್ತು ನಿಜವಾದ ದುಡ್ಡಿನ ಜೋಡಿ. ಹುಣಸೆ ಬೀಜ ಇಲ್ಲದಿದ್ದರೆ ಕಡಲೆ, ಅವರೆಕಾಳು, ಏನಾದರೂ ಆದೀತು. ಲೆಕ್ಕ ನೂರು ದಾಟಿದ ಮೇಲೆ ಆಟದ ನೋಟು ತನ್ನಿ. ಆಗ ಅದು ಉಪಯೋಗಕ್ಕೆ ಬರುತ್ತದೆ.

ನಾಲ್ಕು ತುಂಬದ ಮಕ್ಕಳಿಗೆ ಬಿಲ್ಲೆಯನ್ನೂ ಬೀಜವನ್ನೂ ಕೊಟ್ಟು ಆ ಕಡೆ ಹೋಗಬೇಡಿ. ಬಾಯಿಗೆ ಹಾಕಿಕೊಳ್ಳುತ್ತಾರೆ, ಕೆಲವರು ಮೂಗಿಗೂ ಹಾಕಿಕೊಳ್ಳುತ್ತಾರೆ. ನುಂಗಿದರೆ ಬಾಳೆಹಣ್ಣು ತಿನ್ನಿಸಿ ಕೆಳಗಿಳಿಸುವ ಹಳೆಯ ಉಪಾಯಕ್ಕೆ ಕೈ ಹಾಕದೆ ನೇರ ಡಾಕ್ಟರ ಹತ್ತಿರ ಹೋಗಿ. ರಿಮೋಟು, ಆಟದ ಸಾಮಾನಿನಲ್ಲಿರುವ ದುಂಡನೆಯ ಚಪ್ಪಟೆ ಸೆಲ್ ಥೇಟ್ ಬಿಲ್ಲೆಯ ಹಾಗೇ ಇರುತ್ತದೆ. ಅದನ್ನು ನುಂಗಿದರೆ ಅಪಾಯ ಇನ್ನೂ ಜಾಸ್ತಿ, ಗಂಟಲಲ್ಲಿ ಸಿಕ್ಕಿಕೊಂಡರೆ ಒಳಗೆ ಸುಟ್ಟುಬಿಡುತ್ತದೆ. ಒಂದು ಗಳಿಗೆಯೂ ಕಾಯಬಾರದು.

ಮೊಬೈಲ್ ಆಟಗಳು

ಬೇಗ ಮುಗಿಸುತ್ತೇನೆ. ನಾನು ನೋಡಿದ ಬಹಳಷ್ಟು ಆಟಗಳಲ್ಲಿ ಡಾಲರ್, ಸೆಂಟ್ ಇದ್ದವು. ರೂಪಾಯಿ ಇದ್ದ ಕಡೆಯೂ ಮಗು ಚಿತ್ರವನ್ನು ಬೆರಳಲ್ಲಿ ಎಳೆದು ಡಬ್ಬಿಗೆ ಹಾಕುತ್ತದೆ, ಸರಿಯಾದರೆ ಚಪ್ಪಾಳೆ. ಗುರುತು ಹಿಡಿಯುವುದು ಬರುತ್ತದೆ. ಅದು ಹೇಗೂ ಕಷ್ಟವಾಗಿರಲಿಲ್ಲ.

ಮೊಬೈಲಿನ ನಿಜವಾದ ತೊಂದರೆ ಬೇರೆ ಇದೆ. ನಾವು ಚಿಕ್ಕವರಿದ್ದಾಗ ದುಡ್ಡು ಕೈಯಿಂದ ಕೈಗೆ ಹೋಗುವುದನ್ನು ದಿನಾ ನೋಡುತ್ತಿದ್ದೆವು. ಈಗ ಅಂಗಡಿಯಲ್ಲಿ ಸ್ಕ್ಯಾನ್ ಮಾಡುತ್ತೇವೆ, ಆ ಪುಟ್ಟ ಡಬ್ಬಿ "ಎಪ್ಪತ್ತು ರೂಪಾಯಿ" ಅಂತ ಕೂಗುತ್ತದೆ, ಮುಗಿಯಿತು. ಬಸ್ಸಿನಲ್ಲೂ 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ನನಗೂ ಮಗಳಿಗೂ ಶೂನ್ಯ ಟಿಕೆಟ್. ಅನುಕೂಲ ಆಗಿದೆ, ದೂರುತ್ತಿಲ್ಲ. ಆದರೆ ಕಂಡಕ್ಟರ್ ಚಿಲ್ಲರೆ ಎಣಿಸಿ ಕೊಡುವುದನ್ನು ನೋಡುವ ಪಾಠ ತಪ್ಪಿತು. "ಅಮ್ಮಾ, ಫೋನಿನಲ್ಲಿ ದುಡ್ಡು ಯಾವಾಗ ಖಾಲಿ ಆಗುತ್ತೆ?" ಅಂತ ಮಗಳು ಕೇಳಿದಾಗ ನಗಬೇಕೋ ಹೆದರಬೇಕೋ ಗೊತ್ತಾಗಲಿಲ್ಲ. ಅವತ್ತಿನಿಂದ ದಿನಕ್ಕೆ ಒಂದಾದರೂ ಸಾಮಾನು ನಗದು ಕೊಟ್ಟು ತರುವುದು ನಮ್ಮ ಮನೆಯ ರೂಢಿ. ಸ್ಕ್ಯಾನ್ ಮಾಡಿದ ದಿನ ಮನೆಗೆ ಬಂದು ಅಷ್ಟೇ ಮೊತ್ತವನ್ನು ಚಾಪೆಯ ಮೇಲೆ ಜೋಡಿಸಿ ತೋರಿಸುತ್ತೇವೆ.

ಹುಂಡಿಯೋ, ಬಾಟಲಿಯೋ?

ಜಾತ್ರೆಯಲ್ಲಿ ಕೊಂಡ ಮಣ್ಣಿನ ಹುಂಡಿ ನೋಡಲು ಚೆಂದ, ಒಡೆಯುವ ದಿನವಂತೂ ಹಬ್ಬ. ಆದರೆ ವರ್ಷಕ್ಕೊಮ್ಮೆ ಒಡೆಯುವ ಹುಂಡಿಯಿಂದ ಉಳಿತಾಯ ಬಂದೀತು, ಎಣಿಕೆ ಬರುವುದಿಲ್ಲ. ಒಳಗೆ ಎಷ್ಟಿದೆ ಅಂತ ಕಾಣುವುದೇ ಇಲ್ಲ. ಕಾಣುವ ಬಾಟಲಿ ಇಡಿ, ಮುಚ್ಚಳ ತೆಗೆಯಲು ಬರುವಂಥದ್ದು. ಶನಿವಾರ ಸುರಿದು ಎಣಿಸಿ, ಕಾಗದದಲ್ಲಿ ಬರೆದು, ಮತ್ತೆ ಒಳಗೆ ಹಾಕುವುದು.

ಎಣಿಸುವಾಗ ಎರಡು ದಾರಿ. ಕೈಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ಕೂಡಿಸುತ್ತಾ ಹೋಗುವುದು ಒಂದು. ಎರಡು, ಏಳು, ಎಂಟು, ಹದಿನೆಂಟು ಅಂತ. ದೊಡ್ಡವರಿಗೇ ತಪ್ಪುತ್ತದೆ. ಅಂಗಡಿಯವರು ರಾತ್ರಿ ಗಲ್ಲಾ ಎಣಿಸುವುದನ್ನು ನೋಡಿ. ಮೊದಲು ಜಾತಿವಾರು ಬೇರೆ ಮಾಡಿ, ಬಿಲ್ಲೆಗಳನ್ನು ಹತ್ತತ್ತರ ಗೋಪುರ ಮಾಡಿ, ದೊಡ್ಡದರಿಂದ ಶುರು ಮಾಡುತ್ತಾರೆ. ಅದನ್ನೇ ಕಲಿಸಿ. ಹತ್ತರ ನೋಟುಗಳು: ಹತ್ತು, ಇಪ್ಪತ್ತು, ಮೂವತ್ತು. ಆಮೇಲೆ ಐದರ ಬಿಲ್ಲೆ: ಮೂವತ್ತೈದು, ನಲವತ್ತು. ಕೊನೆಗೆ ಬಿಡಿ. ಗೋಪುರ ಎತ್ತರದಲ್ಲಿ ಸಮ ಇಲ್ಲದಿದ್ದರೆ ಎಲ್ಲೋ ತಪ್ಪಿದೆ ಅಂತ ಮಗುವಿಗೇ ಗೊತ್ತಾಗುತ್ತದೆ. ಹಳೆಯ ದಪ್ಪ ಬಿಲ್ಲೆ ಮಾತ್ರ ಈ ಲೆಕ್ಕ ಕೆಡಿಸುತ್ತದೆ.

ಮನೆಯ ಅಂಗಡಿ, ಬೀದಿಯ ಅಂಗಡಿ, ಮಾರ್ಕೆಟ್ಟು

ಮನೆಯಲ್ಲಿ ಅಂಗಡಿ ಆಟ ಎಲ್ಲ ಮಕ್ಕಳೂ ಆಡುತ್ತಾರೆ. ಅದಕ್ಕೆ ಸ್ವಲ್ಪ ಲೆಕ್ಕ ಸೇರಿಸಿದರಾಯಿತು. ದಾವಣಗೆರೆಯಲ್ಲಿ ಅಂಗಡಿ ಅಂದರೆ ಮಂಡಕ್ಕಿ ಇರಲೇಬೇಕು. ಒಂದು ಪಾವು ಮಂಡಕ್ಕಿ, ನಾಲ್ಕು ಟೊಮೆಟೊ, ಎರಡು ಪೆನ್ಸಿಲ್ ಸಾಕು. ಮೊದಲ ವಾರ ಎಲ್ಲದಕ್ಕೂ ಹತ್ತರೊಳಗಿನ ಬೆಲೆ, ಒಂದು ರೂಪಾಯಿ ಬಿಲ್ಲೆಯಲ್ಲೇ ಕೊಡುವುದು. ಆಮೇಲೆ ಮಂಡಕ್ಕಿಗೆ ಹನ್ನೆರಡು ಅಂತ ಏರಿಸಿ, ಒಂದು ನೋಟು, ಎರಡು ಬಿಲ್ಲೆ. ಗಿರಾಕಿ ನೀವಾಗಿ, ಬೇಕಂತಲೇ ಒಂದು ರೂಪಾಯಿ ಕಮ್ಮಿ ಕೊಡಿ. ಹಿಡಿದರೆ ಪಾಸು.

ಬೀದಿಯ ಅಂಗಡಿಗೆ ಕಳಿಸುವಾಗ ಸಂಜೆ ಬೇಡ. ಆ ಗದ್ದಲದಲ್ಲಿ ಮಗುವಿನ ಕೈ ಯಾರಿಗೂ ಕಾಣುವುದಿಲ್ಲ. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ, ಒಂದೇ ಸಾಮಾನು, ಸರಿಯಾದ ಚಿಲ್ಲರೆ, ನೀವು ನಾಲ್ಕು ಹೆಜ್ಜೆ ಹಿಂದೆ. "ಏನ್ ಬೇಕವ್ವಾ?" ಅಂತ ಅಂಗಡಿಯವರು ಕೇಳಿದರೆ ನೀವು ಉತ್ತರ ಕೊಡಬೇಡಿ. ಇದು ನನಗೆ ಬಹಳ ಕಷ್ಟವಾಯಿತು, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

ಇಲ್ಲಿ ನಾನು ನೆನೆಸದ ಒಂದು ತೊಡಕು ಎದುರಾಯಿತು. ಅಂಗಡಿಯವರು "ಮೂವತ್ತೈದು" ಅಂದರು. ಮಗಳು ನನ್ನ ಮುಖ ನೋಡಿದಳು. ಇಂಗ್ಲಿಷ್ ಮೀಡಿಯಂ. "ತರ್ಟಿ ಫೈವ್" ಅಂದಿದ್ದರೆ ಸರಸರ ಎಣಿಸಿ ಕೊಡುತ್ತಿದ್ದಳು. ದುಡ್ಡು ಬರುತ್ತದೆ, ದುಡ್ಡಿನ ಮಾತು ಬರುವುದಿಲ್ಲ! ಅದರಲ್ಲೂ ಎಪ್ಪತ್ತು, ಎಂಬತ್ತು, ತೊಂಬತ್ತು ಕಿವಿಗೆ ಒಂದೇ ಥರ ಕೇಳುತ್ತವೆ. ಹಾಗಾಗಿ ಮನೆಯ ಅಂಗಡಿ ಆಟದಲ್ಲಿ ಬೆಲೆಗಳನ್ನು ಕನ್ನಡದಲ್ಲೇ ಕೂಗಿ. ಈ ಒಂದು ಕಾರಣಕ್ಕೇ ಬೀದಿಯ ಅಂಗಡಿಗೆ ಮೊಬೈಲ್ ಆಟಕ್ಕಿಂತ ಹತ್ತು ಅಂಕ ಜಾಸ್ತಿ ಕೊಡುತ್ತೇನೆ.

ನಮ್ಮೂರಿನ ಕೆ.ಆರ್. ಮಾರ್ಕೆಟ್ಟು ಏಳರೊಳಗಿನವರಿಗೆ ಬೇಡ. ಕೂಗಾಟ, ಚೌಕಾಸಿ, ಕಾಲು ಕೆಜಿ ಅರ್ಧ ಕೆಜಿ ಎಲ್ಲ ಒಟ್ಟಿಗೆ ಬಂದು ಮಗು ಕಂಗಾಲಾಗುತ್ತದೆ. ಕರೆದುಕೊಂಡು ಹೋದರೂ ಒಂದು ಕಟ್ಟು ಕೊತ್ತಂಬರಿ ಕೊಳ್ಳುವ ಕೆಲಸ ಮಾತ್ರ ಕೊಡಿ. ಶಾಲೆಗಳಲ್ಲಿ ಮಕ್ಕಳ ಸಂತೆ ಮಾಡುತ್ತಾರಲ್ಲ, ಅದಕ್ಕೆ ತಪ್ಪಿಸದೆ ಕಳಿಸಿ. ಅಲ್ಲಿ ಮಗು ಮಾರುವವರ ಕಡೆ ನಿಲ್ಲುತ್ತದೆ, ಚಿಲ್ಲರೆ ವಾಪಸ್ ಕೊಡುವ ಕೆಲಸ ಅದರದ್ದೇ. ಮಗಳು ಎರಡನೇ ಕ್ಲಾಸಿನಲ್ಲಿ ನಿಂಬೆಹಣ್ಣು ಮಾರಿದಳು.

ಚಿಲ್ಲರೆ ಕೊಡುವುದಕ್ಕೆ ಕಳೆಯುವ ಲೆಕ್ಕ ಕಲಿಸಬೇಕು ಅಂತ ಅನೇಕರು ಅಂದುಕೊಂಡಿದ್ದಾರೆ. ಐವತ್ತರಲ್ಲಿ ಮೂವತ್ತೇಳು ಕಳೆ, ದಶಕ ತಗೋ, ಬೆರಳು ಮಡಚು. ಹಳೆಯ ಅಂಗಡಿಯವರು ಹಾಗೆ ಮಾಡುವುದೇ ಇಲ್ಲ. ಮೂವತ್ತೇಳರ ಸಾಮಾನಿಗೆ ಐವತ್ತು ಕೊಟ್ಟರೆ ಒಂದೊಂದೇ ಬಿಲ್ಲೆ ಇಡುತ್ತಾ "ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು" ಅಂದು, ಮೇಲೆ ಒಂದು ಹತ್ತರ ನೋಟಿಟ್ಟು "ಐವತ್ತು" ಅನ್ನುತ್ತಾರೆ. ಕಳೆಯುವ ಮಾತೇ ಇಲ್ಲ, ಬರೀ ಮುಂದಕ್ಕೆ ಎಣಿಸುವುದು. ಮಗಳು ಸಂತೆಗೆ ಈ ದಾರಿ ಹಿಡಿದು ಹೋಗಿದ್ದಳು. ಒಂದರ ಬಿಲ್ಲೆ ಇಪ್ಪತ್ತು, ಹತ್ತರ ನೋಟು ಐದು, ಬೆಳಗ್ಗೆಯೇ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದೆ. ಸಂಜೆ ಒಂದೂವರೆ ರೂಪಾಯಿಯೂ ವ್ಯತ್ಯಾಸ ಬರಲಿಲ್ಲ ಅಂತ ಬರೆಯಲು ಆಸೆ. ಮೂರು ರೂಪಾಯಿ ಕಮ್ಮಿ ಬಂತು. ಎರಡು ನಿಂಬೆಹಣ್ಣೂ ಕಾಣಲಿಲ್ಲ.

ಚಿಲ್ಲರೆ ವಾಪಸ್ ಬರುವ ಕೊಳ್ಳುವಿಕೆಗೆ ಮಗುವನ್ನು ಕಳಿಸುವ ಮೊದಲು ಒಂದು ಮಾತು ಹೇಳಿಟ್ಟಿರಿ: ಬಿಲ್ಲೆ ಬದಲು ಚಾಕಲೇಟು ಕೊಟ್ಟರೆ ಬೇಡ ಅನ್ನಬಹುದು ಅಂತ. ನಾನು ಹೇಳಿರಲಿಲ್ಲ. ಒಂದು ಅಂಗಡಿಯಲ್ಲಿ ಮಗಳಿಗೆ ಎರಡು ರೂಪಾಯಿ ವಾಪಸ್ ಬರಬೇಕಿತ್ತು. ಚಿಲ್ಲರೆ ಇಲ್ಲ ಅಂತ ಎರಡು ಚಾಕಲೇಟು ಕೊಟ್ಟು ಕಳಿಸಿದರು. ಹೀಗೇ ನಾಲ್ಕೈದು ಸಲ ಆಯಿತು. ಅವಳು ತಿನ್ನದೆ ಅವನ್ನೆಲ್ಲ ಬಾಟಲಿಗೆ ಹಾಕಿಟ್ಟಿದ್ದಳು, ನಾನು ಗಮನಿಸಿರಲಿಲ್ಲ. ಒಂದು ಮಧ್ಯಾಹ್ನ ರಬ್ಬರ್ ತರಲು ಕಳಿಸಿದೆ, ಐದು ರೂಪಾಯಿ. ಅವಳು ಬಾಟಲಿಯಿಂದ ಐದು ಚಾಕಲೇಟು ಎಣಿಸಿಕೊಂಡು ಹೋಗಿ, ಅದೇ ಅಂಗಡಿಯ ಗಾಜಿನ ಮೇಲೆ ಸಾಲಾಗಿ ಜೋಡಿಸಿ, "ಅಂಕಲ್, ಒಂದು ರಬ್ಬರ್" ಅಂದಳು. ಅವರು ಒಂದು ಗಳಿಗೆ ಚಾಕಲೇಟು ನೋಡಿದರು, ಅವಳನ್ನು ನೋಡಿದರು, ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ರಬ್ಬರ್ ಕೊಟ್ಟರು. ಅವತ್ತಿನಿಂದ ನಮ್ಮ ಮನೆಯವರಿಗೆ ಆ ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಅಂತ ಆಗಿಲ್ಲ.